ಬೇಲಿ ಸಾಲಿನ ಪನ್ನೀರು

ಡಬ್ಬ ಬಂದ ದಿನ ನಮ್ಮ ಮನೆ ಮುಂದೆ ಜನ ಸೇರಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ರಟ್ಟಿನ ಡಬ್ಬದ ಮೇಲೆ ಒಳಗಿರುವುದರ ಚಿತ್ರ ದೊಡ್ಡದಾಗಿ ಅಚ್ಚಾಗಿತ್ತು: ಹೊಟ್ಟೆ ಉಬ್ಬಿದ ತಾಮ್ರದ ಪಾತ್ರೆ, ಅದಕ್ಕೊಂದು ಗುಮ್ಮಟದ ಮುಚ್ಚಳ, ಮುಚ್ಚಳದಿಂದ ಹೊರಟು ಪಕ್ಕದ ಡಬ್ಬಿಯೊಳಗೆ ಇಳಿಯುವ ಸೊಟ್ಟ ಕೊಳವೆ. ಸೂಲಿಬೆಲೆ ಕಡೆಯ ಹಳ್ಳಿಯಲ್ಲಿ ಆ ಚಿತ್ರ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮನೆಯಲ್ಲೇ ಇರುವ ನನ್ನ ಮೈದುನ ಕಾಂಪೌಂಡ್ ಮೇಲಿಂದ ಕತ್ತು ಚಾಚಿ ನೋಡಿದವನು ಕೈ ಮುಗಿದೇಬಿಟ್ಟ.

"ಅತ್ತಿಗೆ, ಸಾರಾಯಿ ಬಟ್ಟಿ ತರಿಸ್ಬಿಟ್ರಾ! ಇನ್ಮೇಲೆ ನಾನು ಹೊಸಕೋಟೆ ತನಕ ಹೋಗೋದು ತಪ್ತು ಬಿಡಿ."

"ಹೂವಿನ ನೀರು ಇಳ್ಸೋಕೆ ಕಣಪ್ಪ ಇದು. ಪನ್ನೀರು."

"ಮೊದ್ಲು ಎಲ್ರೂ ಹಂಗೇ ಅನ್ನೋದು," ಅಂದ.

ನಮ್ಮನೆಯವರಿಗೆ ನಗು ಬರಲಿಲ್ಲ. ಡಬ್ಬವನ್ನು ಬೇಗ ಒಳಗೆ ತೆಗೆದುಕೊಂಡು ಹೋಗಿ, ಚಿತ್ರ ಇರುವ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟರು. "ಪೊಲೀಸ್ನೋರು ಬಂದ್ರೆ ನೀನೇ ಮಾತಾಡು," ಅಂದರು. ಬರಲಿ, ಅವರ ಮೇಲೂ ನಾಲ್ಕು ಹನಿ ಚಿಮುಕಿಸಿ ಕಳಿಸುತ್ತೇನೆ ಅಂದೆ. ನನ್ನ ಬಾಯಿ ಹೀಗೇ. ಮದುವೆಯಾಗಿ ಬಂದಾಗಿನಿಂದ ಅವರು ಅದನ್ನು ಸಹಿಸಿಕೊಂಡು ಬಂದಿದ್ದಾರೆ, ಪಾಪ.

ಅಡುಗೆ ಕಟ್ಟೆಯ ಮೇಲೆ ಮಿಕ್ಸಿಯ ಪಕ್ಕ ಕೂರುವಷ್ಟು ಪುಟ್ಟ ಆ ಪಾತ್ರೆಯನ್ನು ನನ್ನಿಂದ ತರಿಸಿದ್ದು ನನ್ನ ಸಿಟ್ಟು. ನಮ್ಮದು ಗುಲಾಬಿ ಬೆಳೆಯುವ ಮನೆ. ಹಬ್ಬದ ಹಿಂದಿನ ದಿನ ಹೂವಿಗೆ ಜನ ಮುಗಿಬೀಳುತ್ತಾರೆ. ಹಬ್ಬ ಮುಗಿದ ಮರುದಿನ ಅದೇ ಗಿಡ ಅಷ್ಟೇ ಹೂವು ಬಿಡುತ್ತದೆ, ಗಿಡಕ್ಕೇನು ಗೊತ್ತು ಹಬ್ಬ ಮುಗಿಯಿತೆಂದು? ಕೇಳುವವರಿಲ್ಲದೆ ಮಂಕರಿಗಟ್ಟಲೆ ಹೂವನ್ನು ತಿಪ್ಪೆಗೆ ಸುರಿಯುತ್ತಿದ್ದೆವು. ಆ ವರ್ಷ ದೀಪಾವಳಿ ಆದಮೇಲೆ ಕೆಂಪಗೆ ಗುಡ್ಡೆ ಬಿದ್ದ ಹೂವನ್ನು ನೋಡಿ ನನಗೆ ಹೊಟ್ಟೆ ಉರಿದುಹೋಯಿತು. ಅವತ್ತೇ ಕೂತು ಫೋನಿನಲ್ಲಿ ಹುಡುಕಿದೆ. ಒಂದು ವಿಡಿಯೋದಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಇಂಥದೇ ಪಾತ್ರೆಯಲ್ಲಿ ಹೂವು ಹಾಕಿ, ಕೆಳಗೆ ಉರಿ ಹಚ್ಚಿ, ಕೊಳವೆಯ ತುದಿಯಲ್ಲಿ ತೊಟ್ಟು ತೊಟ್ಟಾಗಿ ಬೀಳುವ ನೀರನ್ನು ಸೀಸೆಗೆ ಹಿಡಿದು, ಮೂಸಿ, ಕಣ್ಣು ಮುಚ್ಚಿ ನಕ್ಕಳು. ಅವಳಿಗೆ ಆಗುವುದಾದರೆ ನನಗೇಕಾಗದು ಅನಿಸಿತು.

ಕೆಲಸ ನೋಡಲು ಸುಲಭ. ಪಾತ್ರೆಗೆ ಎಸಳು ಹಾಕು, ನೀರು ಹಾಕು, ಮುಚ್ಚು, ಸಣ್ಣ ಉರಿ ಇಡು. ಹೂವಿನ ವಾಸನೆ ಹೊತ್ತ ಆವಿ ಕೊಳವೆಗೆ ಏರುತ್ತದೆ. ಕೊಳವೆ ತಣ್ಣೀರಿನ ಡಬ್ಬಿಯೊಳಗೆ ಸುತ್ತಿಕೊಂಡು ಹೋಗುವಾಗ ಆವಿ ತಣ್ಣಗಾಗಿ ನೀರಾಗುತ್ತದೆ. ಅಷ್ಟೇ. ನಾನು ಸ್ನಾನ ಮಾಡಿ, ಒಲೆಗೆ ಅರಿಶಿನ ಕುಂಕುಮ ಇಟ್ಟು, ನಮ್ಮ ತೋಟದ ತಾಜಾ ಗುಲಾಬಿಯ ಎಸಳು ಬಿಡಿಸಿ ಹಾಕಿ ಶುರು ಮಾಡಿದೆ. ಮೊದಲ ಹನಿ ಬಿದ್ದಾಗ ಮನೆಮಂದಿಯನ್ನೆಲ್ಲ ಕೂಗಿ ಕರೆದೆ. ಒಂದು ಲೋಟದಷ್ಟಾದ ಮೇಲೆ ಆ ವಿಡಿಯೋದವಳ ಹಾಗೆ ಮೂಗಿನ ಹತ್ತಿರ ಹಿಡಿದೆ.

ಬೆಂದ ಸೊಪ್ಪಿನ ವಾಸನೆ.

ಅತ್ತೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದವರು, "ಬಸ್ಸಾರಿಗೆ ಇಟ್ಟಿದೀಯೇನಮ್ಮ? ಕಾಳು ಯಾವ್ದು ಹಾಕ್ದೆ?" ಅಂತ ಕೇಳಿದರು.

ತಪ್ಪು ಎಲ್ಲಿದೆ ಎಂದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು. ಹೇಳಿದರೆ ಯಾರೂ ನಂಬುವುದಿಲ್ಲ: ನಾವು ಅಷ್ಟು ವರ್ಷದಿಂದ ಬೆಳೆಯುತ್ತಿದ್ದ ಗುಲಾಬಿಗೆ ವಾಸನೆಯೇ ಇರಲಿಲ್ಲ, ಮತ್ತು ಅದು ನಮಗೆ ಗೊತ್ತೇ ಇರಲಿಲ್ಲ. ಬಣ್ಣ ಗೊತ್ತು, ತೂಕ ಗೊತ್ತು, ಎಷ್ಟು ಹೊತ್ತಿಗೆ ಬಾಡುತ್ತದೆ, ಯಾವ ಔಷಧಿಗೆ ಯಾವ ಹುಳ ಸಾಯುತ್ತದೆ, ಎಲ್ಲ ಗೊತ್ತು. ವಾಸನೆ ಮಾತ್ರ ಗೊತ್ತಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಹೂವನ್ನು ಮೂಸುವ ಹಾಗೇ ಇಲ್ಲ. ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ. ಮಾರ್ಕೆಟ್ಟಿಗೆ ಹೋಗುವ ಹೂವು ಯಾವ ಊರಿನ ಯಾವ ದೇವರ ತಲೆ ಸೇರುತ್ತದೋ ಯಾರು ಕಂಡರು, ಹಾಗಾಗಿ ತೋಟದಲ್ಲಿ ನಿಂತು ಒಂದೇ ಒಂದು ಹೂವಿಗೂ ಮೂಗು ತಾಗಿಸುವಂತಿಲ್ಲ. ನಾನು ಹೊಸ ಸೊಸೆಯಾಗಿದ್ದಾಗ ಮಂಕರಿಗೆ ಮುಖ ಇಟ್ಟು ಒಂದು ಸಲ ಉಸಿರೆಳೆಯಲು ಹೊರಟಿದ್ದೆ. ಅತ್ತೆ ಆ ಇಡೀ ಮಂಕರಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಅವತ್ತಿನಿಂದ ಹೂವಿನ ಹತ್ತಿರ ಹೋದರೆ ಉಸಿರು ತಾನೇ ಹಿಡಿದುಕೊಳ್ಳುತ್ತಿತ್ತು.

ಹೊಳೆದರೂ ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ತಪ್ಪು ನನ್ನದಲ್ಲ, ಮುಚ್ಚಳದ ಸಂದಿಯಿಂದ ಆವಿ ಸೋರಿ ವಾಸನೆಯೆಲ್ಲ ಹೊರಗೆ ಹೋಗುತ್ತಿದೆ ಎಂದು ವಾದ ಹೂಡಿದೆ. ಆ ವಿಡಿಯೋದವಳು ಸಂದಿಗೆ ಯಾವುದೋ ಹಿಟ್ಟು ಕಲಸಿ ಮೆತ್ತಿದ್ದಳು. ನಮ್ಮ ಮನೆಯಲ್ಲಿ ಹಿಟ್ಟು ಅಂದರೆ ರಾಗಿ. ಕಲಸಿ ಮೆತ್ತಿದೆ. ಬಿಸಿಗೆ ಒಣಗಿ, ಬಿರುಕು ಬಿಟ್ಟು, ಚಕ್ಕೆ ಚಕ್ಕೆಯಾಗಿ ಉದುರಿತು. ಮನೆಯೆಲ್ಲ ಸೀದ ಮುದ್ದೆಯ ಘಮ. ಮೈದುನ ಕಾಂಪೌಂಡ್ ಆಚೆಯಿಂದ, "ಅತ್ತಿಗೆ, ಇವತ್ತು ಬಸ್ಸಾರಿಗೆ ಮುದ್ದೆನೂ ರೆಡಿ ಆಯ್ತಾ?" ಅಂತ ಕೂಗಿದ. ಆಮೇಲೊಂದು ದಿನ ಗ್ರೈಂಡರಿನ ಕಲ್ಲಿಗೆ ಒಣಗಿ ಅಂಟಿಕೊಂಡ ಉದ್ದಿನ ಹಿಟ್ಟನ್ನು ಕೆರೆದು ಕೆರೆದು ಸಾಕಾಗಿ, ಅಲ್ಲೇ ಕೂತು ನಕ್ಕೆ. ಇಷ್ಟು ಗಟ್ಟಿಯಾಗಿ ಹಿಡಿಯುವುದು ಕೈಯಲ್ಲೇ ಇರುವಾಗ ನಾನು ರಾಗಿಯ ಹಿಂದೆ ಬಿದ್ದಿದ್ದೆ. ಉದ್ದಿನ ಹಿಟ್ಟು ಮೆತ್ತಿದ ಮೇಲೆ ಒಂದು ಎಳೆ ಆವಿಯೂ ಆಚೆ ಬರಲಿಲ್ಲ. ಬೆಂದ ಸೊಪ್ಪಿನ ವಾಸನೆ ಮಾತ್ರ ಹಾಗೇ ಇತ್ತು.

ಆಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ನಾನು ಒಲೆ ಆರಿಸಿ ಪಾತ್ರೆಯನ್ನು ತೊಳೆಯಲು ತೆಗೆದುಕೊಂಡು ಹೊರಟಿದ್ದೆ.

"ವಾಸ್ನೆ ಇಲ್ದಿರೋ ಹೂವ್ನ ಎಷ್ಟು ಬೇಯಿಸಿದ್ರೂ ಅಷ್ಟೇ ಕಣಮ್ಮ," ಅಂದರು. "ಬೇಲೀಲಿ ಐತಲ್ಲ, ಅದನ್ನ ತಗೋ."

ನಾನು ಪಾತ್ರೆ ಹಿಡಿದುಕೊಂಡು ನಿಂತೇಬಿಟ್ಟೆ. ಅವರು ಹೇಳಿದ್ದು ಹಿತ್ತಲ ಬೇಲಿಯ ಉದ್ದಕ್ಕೂ ಇದ್ದ ಪನ್ನೀರು ಗುಲಾಬಿಯ ಸಾಲು. ಪುಟ್ಟ ಹೂವು, ತಿಳಿ ಗುಲಾಬಿ ಬಣ್ಣ, ಮುಟ್ಟಿದರೆ ಉದುರುವ ಎಸಳು. ಮಾರ್ಕೆಟ್ಟಿಗೆ ಹೋಗುವಷ್ಟು ಹೊತ್ತೂ ತಡೆಯುವುದಿಲ್ಲ, ಹಾಗಾಗಿ ಅದನ್ನು ಯಾರೂ ಬೆಳೆ ಎಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅತ್ತೆ ಮದುವೆಯಾಗಿ ಬಂದಾಗ ತವರಿನಿಂದ ಕಡ್ಡಿ ತಂದು ನೆಟ್ಟದ್ದು. ಮಾವ ಇರುವಷ್ಟು ದಿನ ಬೆಳಗ್ಗೆ ಮೋಟಾರ್ ಹಾಕಿ ಬರುವಾಗ ಒಂದು ಹೂವು ಕಿತ್ತು ತಂದು, ಅತ್ತೆಯ ಕಾಫಿ ಲೋಟದ ಪಕ್ಕ ಇಟ್ಟು, ಏನೂ ಆಗಿಲ್ಲವೆಂಬಂತೆ ಪೇಪರ್ ಹಿಡಿದು ಕೂರುತ್ತಿದ್ದರು. ಕೈಗೆ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ. ಅತ್ತೆಯೂ ಅದನ್ನು ನೋಡದವರಂತೆ ಕಾಫಿ ಮುಗಿಸಿ, ಲೋಟ ತೊಳೆದಿಟ್ಟು, ಆಮೇಲೆ ಎತ್ತಿ ಮುಡಿದುಕೊಳ್ಳುತ್ತಿದ್ದರು. ಮಾವ ಹೋಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷ ಆ ಬೇಲಿಯ ಹೂವನ್ನು ಮನೆಯಲ್ಲಿ ಯಾರೂ ಕಿತ್ತಿರಲಿಲ್ಲ. ಅರಳಿ ಅಲ್ಲೇ ಉದುರುತ್ತಿತ್ತು.

"ನಿಜವಾಗ್ಲೂ ತಗೋಳ್ಲಾ ಅತ್ತೆ?" ಅಂದೆ.

"ಉದುರಿ ಮಣ್ಣಿಗೆ ಹೋಗೋದು ತಾನೆ. ಬಿಸ್ಲು ಬರೋದ್ರೊಳಗೆ ಕೀಳ್ಬೇಕು ಅಷ್ಟೇ."

ಮರುದಿನ ಮಂಜಿನಲ್ಲಿ ಕೀಳಲು ಹೋದರೆ ಅತ್ತೆ ನನಗಿಂತ ಮುಂಚೆ ಅಲ್ಲಿದ್ದರು. ಮುಳ್ಳು ಎಲ್ಲಿದೆ ಎಂದು ನೋಡದೆಯೇ ಅವರ ಕೈ ಓಡುತ್ತಿತ್ತು. ನನಗೆ ಮೊಣಕೈಯವರೆಗೂ ಗೀರು. ಕಿತ್ತ ಹೂವನ್ನು ಅವರು ಸೆರಗಿನಲ್ಲಿ ಹಾಕಿಕೊಂಡರೇ ಹೊರತು ಒಮ್ಮೆಯೂ ಮುಖದ ಹತ್ತಿರ ತರಲಿಲ್ಲ.

ಅವತ್ತು ಬಿದ್ದ ಮೊದಲ ಹನಿಗೇ ಅಡುಗೆಮನೆ ಬೇರೆಯಾಯಿತು. ನಾನು ಏನೂ ಮಾಡಬೇಕಾಗಿರಲಿಲ್ಲ, ಅದೇ ಬಂದು ಮೂಗಿಗೆ ತಾಗಿತು. ನಮ್ಮನೆಯವರು ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಒಳಗೆ ಬಂದು ನಿಂತರು. ನನಗೆ ಖುಷಿಗೆ ಕಣ್ಣಲ್ಲಿ ನೀರು. ಆದರೆ ನಾನು ರೈತರ ಮನೆಯ ಹೆಂಗಸು. ತೊಟ್ಟಿಕ್ಕುತ್ತಿರುವುದನ್ನು ನಿಲ್ಲಿಸುವ ಬುದ್ಧಿ ನಮಗೆಲ್ಲಿಂದ ಬರಬೇಕು? ಇನ್ನೂ ಬರುತ್ತಿದೆಯಲ್ಲ ಎಂದು ಹಿಡಿದೆ, ಹಿಡಿದೆ, ಪಾತ್ರೆಯ ತಳ ಕಾಣುವವರೆಗೆ ಹಿಡಿದೆ. ಕೊನೆಗೆ ಸೀಸೆ ತುಂಬ ನೀರು ಸಿಕ್ಕಿತು, ಮೊದಲಿನ ಪರಿಮಳವೆಲ್ಲ ಕೊನೆಯ ಬೆಂದ ನೀರಿನಲ್ಲಿ ಕದಡಿ ಹೋಗಿತ್ತು. ಎಲ್ಲಿಗೆ ನಿಲ್ಲಿಸಬೇಕು ಎನ್ನುವುದೇ ಈ ಕೆಲಸದ ಇಡೀ ವಿದ್ಯೆ ಎಂದು ಆಗ ತಿಳಿಯಿತು. ಅದನ್ನು ಗಡಿಯಾರ ಹೇಳುವುದಿಲ್ಲ, ಮೂಗೇ ಹೇಳಬೇಕು. ನನ್ನ ಮೂಗೋ, ಅಷ್ಟು ವರ್ಷ ಉಸಿರು ಹಿಡಿದು ಅಭ್ಯಾಸವಾದದ್ದು. ನಾಲ್ಕು ಸಲ ಮೂಸಿದರೆ ಐದನೆಯ ಸಲಕ್ಕೆ ಎಲ್ಲವೂ ಒಂದೇ ಥರ.

"ನೀವೇ ನೋಡಿ ಹೇಳಿ ಅತ್ತೆ," ಅಂದೆ.

"ದೇವ್ರಿಗೆ ಹೋಗ್ದೆ ನಾನು ಮೂಸಲ್ಲ."

ಇಲ್ಲಿ ಸ್ವಲ್ಪ ಹೊತ್ತು ನಮ್ಮಿಬ್ಬರಿಗೂ ಜಗಳವಾಯಿತು. ಇದು ಹೂವಲ್ಲ, ನೀರು ಅಂತ ನಾನು. ಹೂವಿನ ನೀರು ತಾನೆ ಅಂತ ಅವರು. ಕೊನೆಗೆ ದಾರಿ ತೋರಿಸಿದ್ದೂ ಅವರೇ. ಮರುದಿನ ಮೊದಲು ಬಿದ್ದ ಒಂದಿಷ್ಟನ್ನು ಪುಟ್ಟ ಬೆಳ್ಳಿ ಬಟ್ಟಲಿಗೆ ಹಿಡಿದು ದೇವರ ಮುಂದಿಟ್ಟು ಬಂದರು. "ಈಗ ಅವನ ಪಾಲು ಮುಗೀತು. ಇನ್ನು ನಂದು," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಕೊಳವೆಯ ತುದಿಗೆ ಬಗ್ಗಿದರು.

ಆ ಮೂಗು! ಅಷ್ಟು ವರ್ಷ ಸುಮ್ಮನೆ ಕೂತಿದ್ದಕ್ಕೋ ಏನೋ, ಅದಕ್ಕೆ ತಪ್ಪುವುದೇ ಗೊತ್ತಿರಲಿಲ್ಲ. ಸ್ಟೂಲ್ ಹಾಕಿಕೊಂಡು ಒಲೆಯ ಪಕ್ಕ ಕೂರುತ್ತಿದ್ದರು. ಡಬ್ಬಿಯ ತಣ್ಣೀರು ಬಿಸಿಯಾದರೆ ಅದನ್ನು ಚೆಲ್ಲಲು ಬಿಡದೆ ಬಕೆಟ್ಟಿಗೆ ತುಂಬಿಸಿ ಪಾತ್ರೆ ತೊಳೆಯಲು ಇಡಿಸುತ್ತಿದ್ದರು. ಬೆಂದ ಎಸಳನ್ನು ಹಸುವಿಗೆ ಹಾಕಿಸುತ್ತಿದ್ದರು. ನಡುವೆ ಬೆರಳಿನ ಮೇಲೆ ಒಂದು ಹನಿ ಹಿಡಿದು ನೋಡಿ, "ಇನ್ನೂ ಐತೆ", "ಇನ್ನೂ ಐತೆ" ಅನ್ನುತ್ತಾ, ಒಂದು ಕ್ಷಣ ಹುಬ್ಬು ಗಂಟಿಕ್ಕಿ, "ಸಾಕು, ಎತ್ತು!" ಅನ್ನುವರು. ಆಮೇಲೆ ಬಿದ್ದ ಹನಿಯನ್ನು ನಾನು ಬೇಕೆಂದೇ ಬೇರೆ ಹಿಡಿದು ನೋಡಿದರೆ ನಿಜವಾಗಿಯೂ ಅದರಲ್ಲಿ ಬಸ್ಸಾರು ಶುರುವಾಗಿರುತ್ತಿತ್ತು. ಬಾಟಲಿ ಒದಗಿಸಿದವನು ಮೈದುನ. ಅವನ ಮನೆಯಲ್ಲಿ ಖಾಲಿ ಬಾಟಲಿಗೆ ಬರವಿರಲಿಲ್ಲ. ಬಿಸಿನೀರಿನಲ್ಲಿ ಕುದಿಸಿ ತೊಳೆದು ಪನ್ನೀರು ತುಂಬಿಸಿ ಫ್ರಿಜ್ಜಿನ ಬಾಗಿಲಿನಲ್ಲಿ ಸಾಲಾಗಿ ನಿಲ್ಲಿಸಿದೆವು. ನೆಂಟರು ಯಾರಾದರೂ ಫ್ರಿಜ್ ತೆಗೆದಿದ್ದರೆ ನಮ್ಮ ಮಾನ ಉಳಿಯುತ್ತಿರಲಿಲ್ಲ.

ಆ ಬೆಳಗುಗಳು ನನಗೆ ತುಂಬಾ ಇಷ್ಟವಾಗಿದ್ದವು. ಅತ್ತೆ ಸೊಸೆ ಹತ್ತಿರ ಕೂತು ಮಾಡುವ ಕೆಲಸಗಳು ಬೇಕಾದಷ್ಟಿವೆ, ಆದರೆ ಅವೆಲ್ಲ ಯಾವಾಗ ಮುಗಿದೀತೋ ಎಂದು ಮಾಡುವ ಕೆಲಸಗಳು. ಇದು ಹಾಗಲ್ಲ. ಮಾವ ಹೋದಮೇಲೆ ಅತ್ತೆ ಮಾತು ಕಡಿಮೆ ಮಾಡಿದ್ದರು. ಈ ಪಾತ್ರೆಯ ಮುಂದೆ ಮಾತು ಬರುತ್ತಿತ್ತು. ತವರಿನ ಬಾವಿ, ತಂಗಿಯ ಹಟ, ಮಾವ ಮದುವೆಯ ದಿನ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಂದದ್ದು. ನಾನು ನಕ್ಕರೆ ಅವರೂ ನಗುತ್ತಿದ್ದರು. ಅದೊಂದಕ್ಕೋಸ್ಕರ ನಾನು ವರ್ಷವಿಡೀ ಬೇಕಾದರೂ ಬಟ್ಟಿ ಇಳಿಸಲು ತಯಾರಿದ್ದೆ.

ಅಷ್ಟರಲ್ಲಿ ಮಗಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಅವಳು ಹೊಸಕೋಟೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಹುಡುಗ ದೊಡ್ಡಬಳ್ಳಾಪುರದ ಕಡೆಯವನು. ಛತ್ರ ಗೊತ್ತು ಮಾಡಿದೆವು. ಎಲ್ಲರೂ ಓಡಾಡುತ್ತಿರುವಾಗ ಅತ್ತೆ ಮೆಲ್ಲಗೆ, "ನಾನು ಮನೇಲಿರ್ತೀನಿ ಕಣಮ್ಮ. ಹಸು ಬೇರೆ ಕರು ಹಾಕೋ ಹಂಗೈತೆ," ಅಂದರು.

ಹಸುವಿಗೆ ಇನ್ನೂ ಎರಡು ತಿಂಗಳಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು, ಹಸುವಿಗೂ ಗೊತ್ತಿತ್ತು.

ಮಾವ ಹೋದಮೇಲೆ ಅತ್ತೆ ಒಂದೇ ಒಂದು ಮದುವೆಗೆ ಹೋಗಿ ಬಂದು, ಆಮೇಲೆ ಯಾವ ಶುಭಕಾರ್ಯಕ್ಕೂ ಹೋಗಿರಲಿಲ್ಲ. ಮಾವ ಇದ್ದಾಗ ಯಾವ ಮನೆಯ ಮದುವೆಗಾದರೂ ಹಿಂದಿನ ದಿನವೇ ಹೋಗಿ ಹೂವು ಕಟ್ಟಲು ಕೂರುತ್ತಿದ್ದವರು. ಮೊಮ್ಮಗಳ ಬಲವಂತಕ್ಕೆ ಹಣೆಗೆ ಸಣ್ಣ ಸ್ಟಿಕ್ಕರ್ ಇಟ್ಟುಕೊಳ್ಳುತ್ತಿದ್ದರು, ಹೂವು ಮಾತ್ರ ಇಲ್ಲ. ಕಟ್ಟುವುದು ಊರಿಗೆಲ್ಲ, ಮುಡಿಯುವುದಿಲ್ಲ. ಆದರೆ ಇದು ಯಾರದೋ ಮನೆಯ ಕಾರ್ಯವಲ್ಲ. ಅವರ ಕೈಯಲ್ಲೇ ಬೆಳೆದ ಮೊಮ್ಮಗಳದು. ಅಜ್ಜಿ ಬರುವುದಿಲ್ಲವಂತೆ ಎಂದು ಕೇಳಿದ ಮಗಳು ಮಹಡಿಗೆ ಹೋಗಿಬಿಟ್ಟಳು. ನನಗೆ ತಡೆಯಲಿಲ್ಲ. ಮರುದಿನ ಒಲೆಯ ಮುಂದೆಯೇ ಕೂಗಾಡಿದೆ. ಯಾವ ಕಾಲದಲ್ಲಿದ್ದೀರಿ, ಈಗ ಯಾರು ಇದನ್ನೆಲ್ಲ ನೋಡುತ್ತಾರೆ, ಮುಡಿದುಕೊಂಡು ಬಂದರೆ ನಿಮ್ಮನ್ನು ಯಾರು ಬೇಡವೆನ್ನುತ್ತಾರೆ, ಅವರ ಹೆಸರು ಹೇಳಿ, ನಾನು ವಿಚಾರಿಸಿಕೊಳ್ಳುತ್ತೇನೆ ಎಂದೆಲ್ಲ ಅಂದೆ.

ಅತ್ತೆ ಕೊಳವೆಯ ತುದಿಯ ಹನಿಯನ್ನೇ ನೋಡುತ್ತಿದ್ದರು.

"ಯಾರೂ ಏನೂ ಅನ್ನಲ್ಲ ಕಣಮ್ಮ. ಅದಲ್ಲ," ಅಂದರು. "ಬಾಗಿಲಲ್ಲಿ ಕುಂಕುಮ, ಹೂವಿನ ತಟ್ಟೆ ಹಿಡ್ಕೊಂಡು ಹೆಣ್ಣುಮಕ್ಳು ನಿಂತಿರ್ತವಲ್ಲ. ಎಲ್ರಿಗೂ ಕೊಡ್ತಾ ಕೊಡ್ತಾ ನನ್ ಮುಂದೆ ಬಂದಾಗ ಕೈ ನಿಂತೋಗ್ತದೆ. ಕೊಡಬೇಕೋ ಬೇಡ್ವೋ ಅಂತ ಆ ಮಗೀಗೆ ಗೊತ್ತಾಗಲ್ಲ. ನನ್ ಮುಖ ನೋಡ್ತದೆ, ಅವರಮ್ಮನ ಮುಖ ನೋಡ್ತದೆ. ಅದನ್ನ ನನ್ ಕೈಲಿ ನೋಡಕ್ಕಾಗಲ್ಲ."

ಕೂಗಾಡಿ ಗೆಲ್ಲಬಹುದಾದ ಮಾತಾಗಿರಲಿಲ್ಲ ಅದು. ಆ ಹುಡುಗಿಯರಲ್ಲಿ ನಾನೂ ಒಬ್ಬಳಾಗಿದ್ದೆನಲ್ಲ, ತಟ್ಟೆ ಹಿಡಿದು ಯಾವುದೋ ಅಜ್ಜಿಯ ಮುಂದೆ ಹಾಗೆ ನಿಂತವಳು. ಅತ್ತೆಯ ಮೇಲೆ ಅಷ್ಟು ಪ್ರೀತಿ ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ ಎಂದೇ ಹೇಳಬೇಕು. ಡಬ್ಬಿಯ ನೀರು ಬದಲಾಯಿಸಿದೆ.

ದಿನವೆಲ್ಲ ಅದೇ ತಲೆಯಲ್ಲಿತ್ತು. ಸಂಜೆ ಅಟ್ಟದಿಂದ ಪನ್ನೀರುದಾನಿ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದಾಗ ಹೊಳೆಯಿತು. ಉದ್ದ ಕತ್ತಿನ, ತಲೆಯಲ್ಲಿ ತೂತುಗಳಿರುವ ಆ ದಾನಿಯಲ್ಲಿ ಪನ್ನೀರು ತುಂಬಿಸಿ ಬಾಗಿಲಲ್ಲಿ ಬಂದವರ ಮೇಲೆಲ್ಲ ಚಿಮುಕಿಸುತ್ತಾರೆ. ಕುಂಕುಮದ ತಟ್ಟೆಗೆ ಇವರು ಅವರು ಎಂಬ ಭೇದವಿದೆ. ಪನ್ನೀರಿಗೆ ಇಲ್ಲ. ಗಂಡಸು, ಹೆಂಗಸು, ಮಗು, ಮುದುಕಿ, ಬಾಡಿಗೆ ಕಾರಿನ ಡ್ರೈವರ್, ಯಾರು ಬಂದರೂ ಅವರ ಮೇಲೆ ಬೀಳುತ್ತದೆ. ಅದನ್ನು ಚಿಮುಕಿಸುವ ಕೈ ಎಲ್ಲಿಯೂ ನಿಲ್ಲಬೇಕಾಗಿಲ್ಲ.

ಆದರೆ ಇದನ್ನು ಅತ್ತೆಗೆ ಹೀಗೆ ಹೇಳಿದರೆ ಅವರು ಒಪ್ಪುವವರಲ್ಲ. ಬೇರೆ ದಾರಿ ಹಿಡಿದೆ.

"ಅತ್ತೆ, ಬಾಗಿಲಲ್ಲಿ ಪನ್ನೀರು ಹಾಕೋಕೆ ಆ ಇಬ್ರು ಹುಡುಗೀರಿಗೆ ಹೇಳಿದೀನಿ," ಅಂದೆ. ನಮ್ಮ ಬೀದಿಯವರೇ, ಅತ್ತೆಗೆ ಚೆನ್ನಾಗಿ ಗೊತ್ತಿರುವವರು.

"ಅವ್ರಾ? ಹೋದ ಮದ್ವೇಲಿ ಏನಾಯ್ತು ಅಂತ ನೀನೇ ಬಂದು ಹೇಳಿದ್ಯಲ್ಲ? ಪೈಪಲ್ಲಿ ನೀರು ಬಿಟ್ಟಂಗೆ ಬಿಡ್ತಾರೆ. ಜನರ ಸೀರೆಯೆಲ್ಲ ತೊಪ್ಪೆ."

"ಏನ್ಮಾಡೋದು. ಹತ್ತು ಜನಕ್ಕೆ ಮುಗಿಸ್ತಾರೆ. ಆಮೇಲೆ ಅಂಗಡಿ ಬಾಟ್ಲು ತರಿಸಿ ಸುರಿಯೋದು."

"ಅಂಗಡೀದಾ!" ಅತ್ತೆಯ ಕಣ್ಣು ದೊಡ್ಡದಾಯಿತು. "ಅದು ಸೀನು ಬರಿಸೋ ನೀರು."

"ಮತ್ತೆ ಯಾರಿದ್ದಾರೆ ಹೇಳಿ, ಎರಡೇ ಹನಿ ಬೀಳೋ ಹಂಗೆ ಹಾಕೋರು?"

ಅತ್ತೆ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು. ನಾಲ್ಕನೆಯ ದಿನ ನಾನು ಹಿತ್ತಲಿಗೆ ಹೋದರೆ, ಅವರು ದಾನಿಯಲ್ಲಿ ಬರೀ ನೀರು ತುಂಬಿಸಿಕೊಂಡು, ಒಣಗಲು ಹಾಕಿದ್ದ ನಮ್ಮನೆಯವರ ಅಂಗಿಯ ಮೇಲೆ ಮಣಿಕಟ್ಟು ಸ್ವಲ್ಪವೇ ಅಲ್ಲಾಡಿಸಿ ನೋಡುತ್ತಿದ್ದರು. ನಾನು ಸದ್ದು ಮಾಡದೆ ಹಿಂದೆ ಬಂದೆ. ಅವತ್ತು ಊಟಕ್ಕೆ ಕೂತಾಗ, "ಹಸೂನ ಎದುರು ಮನೇಲಿ ನೋಡ್ಕೋತಾರೇನೋ ಕೇಳು," ಅಂದರು. ಮಗಳು ತಟ್ಟೆಯಿಂದ ಮುಖ ಎತ್ತಲಿಲ್ಲ, ಆದರೆ ಅವಳ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು.

ನಿಶ್ಚಿತಾರ್ಥದ ದಿನ ಅತ್ತೆ ಬಿಸ್ಕತ್ತು ಬಣ್ಣದ ರೇಷ್ಮೆ ಸೀರೆ ಉಟ್ಟು ಬಂದರು. ಬಾಗಿಲಲ್ಲಿ ನಿಂತದ್ದು ಮಾತ್ರ ನಡುವೆಯಲ್ಲ, ಕಟ್ಟಿದ ಬಾಳೆಕಂದಿನ ಪಕ್ಕ, ಅರ್ಧ ಅದರ ಮರೆಯಲ್ಲಿ. ಮೈದುನನ ಹೆಂಡತಿ, ನನ್ನ ಓರಗಿತ್ತಿ, ಕುಂಕುಮದ ತಟ್ಟೆ ಹಿಡಿದು ಮುಂದಿದ್ದಳು. ಮೊದಲು ಬಂದವರ ಮೇಲೆ ಅತ್ತೆ ಹೆದರಿ ಹೆದರಿ ಚಿಮುಕಿಸಿದರು. ನಾನು ಒಳಗೆ ಹೋಗುವುದು, ಏನೋ ನೆಪ ಮಾಡಿ ಮತ್ತೆ ಬಾಗಿಲಿಗೆ ಬರುವುದು, ಹೀಗೇ ಮಾಡುತ್ತಿದ್ದೆ. ಬೀಗರ ಕಡೆಯವರು ಬಂದಾಗ ಅವರಲ್ಲೊಬ್ಬ ಹಿರಿಯರು ಎರಡು ಹೆಜ್ಜೆ ಒಳಗೆ ಹೋದವರು ಹಿಂದೆ ತಿರುಗಿ, ಕೈ ಮೂಸಿಕೊಂಡು, "ಇದು ಎಲ್ಲೀದಮ್ಮಾ?" ಅಂತ ಕೇಳಿದರು. "ನಮ್ಮನೇದೇ," ಅಂದರು ಅತ್ತೆ. ಅದಾದಮೇಲೆ ಬಾಳೆಕಂದಿನ ಮರೆಯಿಂದ ಸ್ವಲ್ಪ ಈಚೆ ಬಂದರು. ಒಬ್ಬೊಬ್ಬರಿಗೂ ಎರಡೇ ಹನಿ. ಕೈ ತಪ್ಪಿ ಮೂರನೆಯದು ಬಿದ್ದವರು ಅದೃಷ್ಟವಂತರು.

ಜನ ಸ್ವಲ್ಪ ತೆಳುವಾದಾಗ ಅತ್ತೆಯ ತಂಗಿ ಅನುಗೊಂಡನಹಳ್ಳಿಯಿಂದ ಬಂದರು. ಆಕೆ ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು. ಆಟೋ ಇಳಿದು, ಬ್ಯಾಗನ್ನು ಕಂಕುಳಲ್ಲಿ ಒತ್ತಿಕೊಂಡು, ಛತ್ರದ ಮುಂದಿನ ಬಾಗಿಲ ಕಡೆ ಕಣ್ಣೂ ಹಾಯಿಸದೆ ಪಕ್ಕದ ಓಣಿಗೆ ತಿರುಗಿದರು. ಆ ಓಣಿ ಅಡುಗೆಯವರ ಬಾಗಿಲಿಗೆ ಹೋಗುತ್ತದೆ. ಇಷ್ಟು ವರ್ಷ ಆಕೆ ಎಲ್ಲ ಮದುವೆಗೂ ಹಾಗೇ ಬರುತ್ತಿದ್ದರು, ಹಿಂದಿನಿಂದ ಬಂದು ತರಕಾರಿ ಹೆಚ್ಚುವವರ ಜೊತೆ ಕೂತುಬಿಡುತ್ತಿದ್ದರು. ನಮಗೆ ಅದು ರೂಢಿಯಾಗಿ ಹೋಗಿತ್ತು. ಅವತ್ತಿನವರೆಗೆ ನಾವ್ಯಾರೂ ಅದನ್ನು ನೋಡಿಯೇ ಇರಲಿಲ್ಲವೇನೋ.

"ಏಯ್!" ಅಂತ ಅತ್ತೆ ಕೂಗಿದ ಕೂಗಿಗೆ ಓಲಗದವರೂ ತಿರುಗಿ ನೋಡಿದರು. "ಎತ್ತಗೋಯ್ತಿದೀಯೇ? ಬಾಗ್ಲು ಇಲ್ಲೈತೆ!"

ತಂಗಿ ಓಣಿಯ ಬಾಯಲ್ಲಿ ನಿಂತರು. ಬೇಡ ಕಣಕ್ಕ ಎನ್ನುವಂತೆ ಕೈ ಆಡಿಸಿದರು. ಅತ್ತೆ ಮೆಟ್ಟಿಲಿಳಿದು, ಜನರ ನಡುವೆ ಹೋಗಿ, ತಂಗಿಯ ರಟ್ಟೆ ಹಿಡಿದು ಕರೆದುಕೊಂಡು ಬಂದು ಬಾಗಿಲ ನಟ್ಟನಡುವೆ ನಿಲ್ಲಿಸಿದರು. ಓರಗಿತ್ತಿಯ ಕೈಯಲ್ಲಿದ್ದ ತಟ್ಟೆ ಒಂದು ಕ್ಷಣ ಅಲ್ಲಾಡಿತು. ಅದರ ಕಡೆ ನೋಡಲೂ ಬಿಡದೆ ಅತ್ತೆ ದಾನಿ ಎತ್ತಿ ಚಿಮುಕಿಸಿದರು. ಎರಡು ಹನಿಯಲ್ಲ. ತಲೆಯ ಮೇಲೆ, ಹೆಗಲ ಮೇಲೆ, ಮುಂದೆ ಚಾಚಿದ ಎರಡೂ ಅಂಗೈಗಳ ಮೇಲೆ.

ತಂಗಿ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಹಾಗೇ ನಿಂತರು. ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

"ಅಕ್ಕ," ಅಂದರು, "ಬೆಳಗ್ಗಿಂದ ಎಲ್ರಿಗೂ ನೀನೇ ಹಾಕ್ತಿದೀಯಾ?"

"ಹೂಂ ಕಣೇ."

"ನಿಂಗ್ಯಾರು ಹಾಕಿದ್ರು?"

ಅತ್ತೆ ಕೈಯಲ್ಲಿದ್ದ ದಾನಿಯನ್ನು ನೋಡಿಕೊಂಡರು. ನಾನು ಅಲ್ಲೇ ಎರಡು ಮಾರು ದೂರದಲ್ಲಿದ್ದೆ. ಅಷ್ಟೆಲ್ಲ ಯೋಚಿಸಿದವಳಿಗೆ ಅದು ಹೊಳೆದೇ ಇರಲಿಲ್ಲ. ತಂಗಿ ಬ್ಯಾಗನ್ನು ಕೆಳಗಿಟ್ಟು, ಅಕ್ಕನ ಕೈಯಿಂದ ದಾನಿ ಕಿತ್ತುಕೊಂಡು, ಅದರ ಕತ್ತು ಹಿಡಿದು ಅವರ ತಲೆಯ ಮೇಲೆ ಅಲ್ಲಾಡಿಸತೊಡಗಿದರು.

"ಸಾಕು ಬಿಡೇ, ಜನಕ್ಕಿರ್ಲಿ," ಅನ್ನುತ್ತಿದ್ದರು ಅತ್ತೆ. ತಲೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.